ನಲವತ್ತು ಮನಿ ಹಿಡಿ ಅಕ್ಕಿ

ಬೊಂಬು ಮುರೀಲಿಲ್ಲೋ! ಬೊಂಬು ಮುರದು ಅಜ್ಜ ಬಿದ್ದ ಅಂತ ನಿಮಗ ಯಾರ್ ಹೇಳಿದ್ರು? ದೇವದಾನಪ್ಪ ನಿಲ್ಲಿಸಿದ ಬೊಂಬು ಇವತ್ತಿನ ತನಕ ಒಂದೂ ಮುರದಿಲ್ಲ. ನಾ ಪರಾಂಚಿ ಕಟ್ಟಾವ. ಪರಾಂಚಿ ಅಂದ್ರ ಗೊತ್ತೈತಿಲ್ಲೋ, ಹೊಸಾ ಬಿಲ್ಡಿಂಗ್ ಏಳೂ ಮುಂದ ಹೊರಗಿನ ಮೈಗೆ ಬೊಂಬು ನಿಲ್ಲಿಸಿ, ಅಡ್ಡಾ ಉದ್ದಾ ನಾರಿನ ಹಗ್ಗದ್ಲೆ ಬಿಗದು, ಗೌಂಡ್ಯಾರು ನಿಂತು ಗಿಲಾವು ಮಾಡಾಕ ಜಾಗಾ ಮಾಡ್ತಾರಲ್ಲ, ಅದು. ಗೋರೆಗಾಂವದಾಗ ಆ ಹಳೇ ಕಾಲನಿ ಬಿಲ್ಡಿಂಗ್ ಸಾಲಾಗಿ ನಿಂತಾವಲ್ಲ, ಅವೆಲ್ಲಾ ಮೊದಲ ನನ್ನ ಕೈಮ್ಯಾಲ ನಿಂತಾವ, ಆಮ್ಯಾಲ ಸಿಮಿಂಟಿನ ಮ್ಯಾಲ ನಿಂತಾವ. ಒಂದ್ಸಲ ಮಳಿಗಾಲದಾಗ ಅಂಥಾ ಗಾಳಿ ಬಿಡ್ತು, ಇಡೀ ಪರಾಂಚಿ ಎದ್ದು ಹೊಂಟಿತ್ತು, ಗಾಳಿಪಟಾ ಹೊಂಟಂಗ. ಮಂದಿ ಎಲ್ಲಾ ಓಡಿದ್ರು. ನಾ ಒಬ್ಬಾವ ಹಗ್ಗಾ ಹಲ್ಲಾಗ ಕಚ್ಚಿ ಹಿಡಕೊಂಡು ನಿಂತೆ, ಒಂದ್ ತಾಸು. ಕಡೀಕ ಗಾಳಿಗೇ ಬ್ಯಾಸರಾಗಿ ವರಳಿ ಕಡೆ ಹೋತು. ನಮ್ಮ ಮುಕಾದಮ, ಕೂಲಿ ಮಂದೀ ಮ್ಯಾಲಿನ ಮೇಸ್ತ್ರಿ, ಸಾತಾರಾ ಕಡೀ ಮರಾಠಿ ಮನಷ್ಯಾ, ಕೆಳಗ ನಿಂತು "ಕಾಯ್ ರೇ ದೇವದಾನ್, ಮಾಕಡ ಆಹೇಸ್ ಕಾ ತೂ?" ಅಂತಿದ್ದ, ಮಂಗ್ಯಾ ಅದೀಯೇನಲೇ ಅಂತ. ಹೌದ್ರೀ ಸಾಹೇಬ್ರ, ಆದ್ರ ಬಾಲಾ ಮನ್ಯಾಗ ಬಿಟ್ಟು ಬಂದೀನಿ ಅಂತಿದ್ದೆ. ಏ, "ಕಿತನಾ ಫೇಂಕತೇ ಹೋ ಅಜ್ಜಾ" ಅಂತ, ಎಷ್ಟ ಸುಳ್ಳ ಬಿಡ್ತೀ ಅಂತ ನಗಬ್ಯಾಡ ತಂಗಿ. ನಿನಗ ಕನ್ನಡ ಪೂರಾ ಬರೂದಿಲ್ಲ, ಅದಕ್ಕ ಖರೇ ಮಾತು ಸುಳ್ಳ ಕೇಳಿಸ್ತಾವ.

ಹಂಗಾರ ಬಿದ್ದದ್ದು ಹೆಂಗ? ಹೇಳ್ತೀನಿ. ನಾರಿನ ಹಗ್ಗಾ ನೀರಾಗ ತೊಯಿಸಿ ಕಟ್ಟಬೇಕು. ತೊಯ್ದ ಹಗ್ಗಾ ಬಿಸಲಿಗೆ ಒಣಗಿದಂಗ ಬಿಗಿ ಆಕ್ಕತಿ, ಹಾವು ಸುತಗೊಂಡಂಗ. ಒಣಾ ಹಗ್ಗಾ ಕಟ್ಟಿದ್ರ ಅದು ಜಾರ್ತೈತಿ. ಇದು ಪರಾಂಚಿ ಕೆಲಸದಾಗ ಮೊದಲನೇ ಪಾಠ. ಅವತ್ತ ಏನಾತು, ರಾಯಚೂರ ಕಡಿಂದ ಹೊಸಾ ಮಂದಿ ಬಂದಿದ್ರು ಕೆಲಸಕ್ಕ. ಹೊಸಬರು ನೋಡಾಕತ್ತಾರಂದ್ರ ನನಗ ಮೈಯಾಗ ಒಂಥರಾ ಹುರುಪು. "ನೋಡ್ರಲೇ, ನಮ್ಮ ಬೆಟಗೇರಿ ಮಂದೀಗೆ ನೀರೂ ಬ್ಯಾಡ, ಎರಡು ಕೈನೂ ಬ್ಯಾಡ" ಅಂತ ಹೇಳಿ ಒಣಾ ಹಗ್ಗದ್ಲೆ, ಒಂದ ಕೈಲೆ ಗಂಟು ಹಾಕಿ, ಆ ಬೊಂಬಿನ ಮ್ಯಾಲ ನಿಂತು ಮೀಸಿ ತಿರಿವಿದೆ. ಅಷ್ಟ. ಗಂಟು ಜಾರ್ತು, ಐದನೇ ಮಜಲಿಂದ ಬಿದ್ದೆ. ಐದನೇದು ಅಂದ್ರ... ಆತ ಬಿಡು, ನಿಮ್ಮಜ್ಜಿ ಬಾಗಲದಾಗ ನಿಂತು ನೋಡಾಕತ್ತಾಳ. ಎರಡನೇದು. ಎರಡನೇದು ಅಂದ್ರೂ ಆ ಕಾಲದ ಎರಡನೇದು, ಈಗಿನ ಐದರಷ್ಟು ಎತ್ತರ ಇತ್ತು. ಬಲಗೈ ಎರಡು ಕಡೆ ಮುರೀತು, ಎಡಗಾಲ ತೊಡಿ ಎಲುಬು ಮುರೀತು. ನಾಕು ಮಂದಿ ನನ್ನ ಒಂದು ಹಲಗೀ ಮ್ಯಾಲ ಹಾಕ್ಕೊಂಡು ಹೊತ್ತು ಒಯ್ದ್ರು, ಮೂಟಿ ಒಯ್ದಂಗ. ಡಾಕ್ಟರು ಪ್ಲಾಸ್ಟರ್ ಹಾಕಿ, "ಚಾಚಾ, ಅಬ್ ಊಪರ್ ಚಢನಾ ಭೂಲ್ ಜಾವ್" ಅಂದ. ಮ್ಯಾಲ ಹತ್ತೂದು ಮರತಬಿಡು ಅಂದ. ಹಂಗ ಅಂತ ನನಗ ಹೇಳಿದ. ನನಗ!

ನಾವಾಗ ಆಂಟಾಪ್ ಹಿಲ್ಲಿನ ಝೋಪಡಾದಾಗ ಇದ್ವಿ. ಎಂಬತ್ತರ ದಶಕ ಅದು, ಗಿರಣಿ ಬಂದ್ ಬಿದ್ದು ಮಂದಿ ಮನ್ಯಾಗ ಒಲೀ ಹೊತ್ತೂದ ಕಷ್ಟ ಇದ್ದ ಕಾಲ. ನಿಮ್ಮಪ್ಪ ಇನ್ನೂ ಗೇಣುದ್ದ. ನಾ ಮಲಗಿದೆ, ನಿಮ್ಮಜ್ಜಿ ಮಾರ್ಥವ್ವ ಎದ್ಲು. ಮಾಟುಂಗಾದಾಗ ಮೂರು ಮನಿ ಕೆಲಸಾ ಹಿಡದ್ಲು, ಕೂಸನ್ನ ಸೊಂಟದ ಮ್ಯಾಲ ಇಟಗೊಂಡು ಹೋಗಾಕಿ. ನಾ ಗಂಡಸು, ಪ್ಲಾಸ್ಟರಿನ ಕಾಲು ಚಾಚಿ ತಗಡಿನ ಮಾಡು ನೋಡ್ಕೋತ ಬಿದ್ದಿರಾವ. ಒಂದಿನಾ ಏನ್ ನೋಡಿದೆ, ಅಕಿ ಅಕ್ಕಿ ತೊಳಿಯೂ ಮುಂಚೆ ಒಂದು ಹಿಡಿ ತಗದು ಆ ಡಾಲ್ಡಾ ಡಬ್ಬಿಗೆ ಹಾಕಾಕತ್ತಾಳ. ಮನ್ಯಾಗ ಇರೂದ ಎರಡು ಹಿಡಿ!

"ಏ ಮಾರ್ಥಾ, ಏನ್ ಮಾಡಾಕತ್ತೀ?"

"ದೇವರ ಹಿಡಿ ರೀ."

"ದೇವರಿಗೆ ಹಸಿವಿ ಐತೇನ? ನಮ್ಮ ಮನೀ ಗತಿ ಅವಗ ಕಾಣ್ಸೂದಿಲ್ಲೇನ?"

"ನಮಕಿಂತ ಕಡಿಮಿ ಇದ್ದವರು ಇರ್ತಾರ" ಅಂದ್ಲು, ಡಬ್ಬಿ ಮುಚ್ಚಿದ್ಲು. ಅಷ್ಟ ಮಾತು. ಈಗೂ ಹಂಗ ಅದಾಳ ನೋಡ್ರಿ, ಎರಡು ಮಾತಾಡಿ ಮುಚ್ಚಿ ಬಿಡ್ತಾಳ.

ಈ ಹಿಡಿ ಅಕ್ಕಿ ಕಥಿ ನಿಮಗ ಗೊತ್ತಿಲ್ಲ. ದಾದರ ಕಡೆ ಒಂದು ಮರಾಠಿ ಚರ್ಚಿನ್ಯಾಗ ಮುಂಜಾನೆ ಅವರ ಆರಾಧನೆ ಮುಗದ ಮ್ಯಾಲ, ಸಂಜೀ ನಾಕಕ್ಕ ನಮ್ಮ ಕನ್ನಡದವರದ್ದು. ಬೆಟಗೇರಿಯವರು, ಹುಬ್ಬಳ್ಳಿಯವರು, ಮಂಗಳೂರವರು, ಬಳ್ಳಾರಿಯವರು, ಎಲ್ಲಾ ಕೂಡಿ ನಲವತ್ತು ಮನೀ ಸಭಾ ನಮ್ಮದು. ಪ್ರತಿ ಮನ್ಯಾಗ ಹೆಣ್ಣಮಕ್ಳು ಅಡಗಿ ಮಾಡೂ ಮುಂದ ಒಂದು ಹಿಡಿ ಅಕ್ಕಿ ಬ್ಯಾರೆ ತಗದಿಡ್ತಾರ. ರವಿವಾರ ತಂದು ಒಂದ ಚೀಲಕ್ಕ ಸುರುವ್ತಾರ. ತಿಂಗಳಿಗೊಮ್ಮೆ ಆ ಚೀಲಾ ಕಷ್ಟದಾಗ ಇದ್ದ ಮನೀಗೆ ಹೋಗ್ತೈತಿ. ಹೊತ್ತು ಮುಟ್ಟಸಾವ ಯಾರು? ಮತ್ತ ಯಾರ್ ಇರ್ತಾರ, ನಾನ! ಎಷ್ಟ ಚೀಲಾ ಇರಲಿ, ಎರಡು ಹೆಗಲಿಗೆ ಎರಡು, ತಲೀ ಮ್ಯಾಲ ಒಂದು, ಲೋಕಲ್ಲಿನ ಗದ್ದಲದಾಗ ನಿಂತು ಒಯ್ಯಾವ, ಒಂದು ಕಾಳು ಕೆಳಗ ಬೀಳಬಾರದು. ಮತ್ತ ನನ್ನ ದನಿ ನಿಮಗ ಗೊತ್ತೈತಿ. ನಾ ಚರ್ಚಿನ್ಯಾಗ ಪ್ರಾರ್ಥನಾ ಎತ್ತಿದ್ರ ಹೊರಗ ರಸ್ತೇದಾಗ ಬಸ್ಸು ನಿಲ್ಲತಿದ್ವು. ಅದ ದನೀಲೆ ಚಾಳಿನ ನಡುವ ನಿಂತು, "ಶಾಂತವ್ವಾ! ಬಾಗಲಾ ತಗೀವಾ! ಸಭೆಯಿಂದ ನಿನಗ ಅಕ್ಕಿ ಬಂದೈತಿ!" ಅಂತ ಕೂಗ್ತಿದ್ದೆ. ಅಕಿ ಗಂಡ ಸತ್ತಾಕಿ, ಮನೀ ಮುಂದ ಮೂರು ಮಜಲಿನ ಮಂದಿ ಗ್ಯಾಲರ್ಯಾಗ ಬಂದು ನಿಂತು ನೋಡ್ತಿದ್ರು. ಒಂದ್ಸಲ ಶಾಂತವ್ವ ಬಾಗಲಾ ತಗದು, ಚೀಲಾ ಒಳಗ ಎಳಕೊಂಡು, ನನ್ನ ಮೂಗಿನ ಮುಂದ ದಬಕ್ಕನ ಮುಚ್ಚಿದ್ಲು. ನೀರೂ ಕೇಳ್ಲಿಲ್ಲ. ನಾ ಮನೀಗೆ ಬಂದು, "ನೋಡ ಮಾರ್ಥಾ, ತಿನ್ನಾಕ ಇಲ್ಲಾದ್ರೂ ಸೊಕ್ಕ ನೋಡ ಅಕೀದು" ಅಂದಿದ್ದೆ. ನನಗ ಆಗ ತಿಳೀಲಿಲ್ಲ. ಖರೇ ಹೇಳ್ತೀನಿ, ತಿಳೀಲಿಲ್ಲ.

ಏನ್ ಹೇಳಾಕತ್ತಿದ್ದೆ? ಹಾಂ, ಮಲಗಿದ್ದೆ. ಒಂದು ತಿಂಗಳಾತು, ಎರಡಾತು, ಐದಾತು. ಪ್ಲಾಸ್ಟರ್ ತಗದು ಮತ್ತ ಹಾಕಿದ್ರು, ಎಲುಬು ಸರಿ ಕೂಡಿಲ್ಲ ಅಂತ. ಮಧ್ಯಾಹ್ನ ಎಲ್ಲಾರೂ ಕೆಲಸಕ್ಕ ಹೋದಾಗ ವಡಾಳಾ ಕಡಿಂದ ಲೋಕಲ್ ಗಾಡಿ ಸಪ್ಪಳ ಬರ್ತಿತ್ತು. ಅದರಾಗ ಜೋತ ಬಿದ್ದು ಮಂದಿ ಕೆಲಸಕ್ಕ ಹೊಂಟಾರ, ನಾ ಇಲ್ಲಿ ಸೊಳ್ಳಿ ಎಣಿಸಾಕತ್ತೀನಿ. ಆವಾಗ ನಾ ಯೇಸುಸ್ವಾಮಿ ಜೋಡಿ ಜಗಳಾ ತಗದೆ. ನಮಾಜು ಪೂಜಿ ಮಾಡೂ ಮಂದಿ ಅಕ್ಕಪಕ್ಕ ಇದ್ರು, ಅವರು ತಮ್ಮ ದೇವರನ್ನ ಹಿಂಗ ಬೈತಿರಲಿಲ್ಲ. ನಂದು ಬ್ಯಾರೆ ಲೆಕ್ಕ, ನಮ್ಮಿಬ್ಬರದೂ ಒಂದ ಕಸಬು. ಅವ ಬಡಗ್ಯಾ, ನಾ ಪರಾಂಚ್ಯಾ, ಇಬ್ಬರೂ ಕಟ್ಟಿಗಿ ಕೆಲಸದಾವರು. "ಯಪ್ಪಾ, ನೀ ಬಡಗ್ಯಾ ಇದ್ದಿ. ಕೆಲಸದ ಕೈ ಹೋದ್ರ ಏನಾಕ್ಕತಿ ಅಂತ ನಿನಗ ನಾ ಹೇಳಬೇಕೇನ? ನಿನ್ನ ಸಭಾಕ್ಕ ನಾ ಎಷ್ಟ ಚೀಲಾ ಹೊತ್ತೀನಿ? ಇದು ಅದರ ಕೂಲಿಯೇನ?" ಅಂತ ಕೇಳಿದೆ. ಮಾರಿ ಗ್ವಾಡಿ ಕಡೆ ತಿರುವಿ ಕೇಳಿದೆ. ಗಾಡಿ ಸಪ್ಪಳ ಒಂದ ಬಂತು. ಅವತ್ತ ನಿರ್ಧಾರ ಮಾಡಿದೆ. ದುಡೀಲಾರದಾವ ಉಣಬಾರದು. ಹೆಂಡತಿ ಮಂದಿ ಮನಿ ಮುಸರಿ ತಿಕ್ಕಿ ತಂದ ಕೂಳು ನನಗ ಬ್ಯಾಡ. ಉಣ್ಣೂದ ಬಿಟ್ಟೆ. ಮಾರ್ಥವ್ವ ತಾಟು ತಂದು ಇಟ್ಲು, ನಾ ದೂಡಿದೆ. ಮತ್ತ ಇಟ್ಲು, ಮತ್ತ ದೂಡಿದೆ. ಎರಡು ದಿನಾ ಬರೇ ಕರೀ ಚಾ. ಹೊರಗ ನೋಡಾವರಿಗೆ ಸಿಟ್ಟು, ಒಳಗ ಮಾತ್ರ ನನಗ ಗೊತ್ತಿತ್ತು, ಇದು ಸಿಟ್ಟಲ್ಲ, ಬದುಕೂದ ಬ್ಯಾಡಾಗೈತಿ. ನಿಮ್ಮಪ್ಪ ಅಂಬೆಗಾಲಿಟ್ಟು ಬಂದು ಪ್ಲಾಸ್ಟರ್ ಬಡದು ನಗ್ತಿದ್ದ, ನಾ ಅವನ ಮಾರಿನೂ ನೋಡ್ಲಿಲ್ಲ.

ಮೂರನೇ ದಿನಾ ಮಧ್ಯಾಹ್ನ ಎಮಿಲಿ ಬಾಯಾರು ಬಂದ್ರು. ಮಂಗಳೂರು ಕಡೆಯವರು, ದವಾಖಾನ್ಯಾಗ ನರ್ಸು, ಸಭಾದ ಹೆಣ್ಣಮಕ್ಳಿಗೆ ಹಿರೇರು. ನಾ ಬಿದ್ದ ಮ್ಯಾಲ ಅಕ್ಕಿ ಚೀಲಾ ಹೊರೂದು ಹೆಣ್ಣಮಕ್ಳ ಪಾಲಿಗೆ ಬಂದಿತ್ತು. ಅವರ ಕೈಯಾಗ ಒಂದು ಸಂತೀ ಚೀಲಾ, ಮ್ಯಾಲ ಮೆಂತೆ ಸೊಪ್ಪು ಕಾಣತೈತಿ, ಕೆಳಗ ಭಾರ ಐತಿ. ಆ ಭಾರ ನೋಡಿದ ಕೂಡಲೇ ನನಗ ಗೊತ್ತಾತು. ಎಷ್ಟ ವರ್ಷ ಹೊತ್ತಾವ ನಾ!

"ಎಂತದು ಇದು ದೇವದಾನಪ್ಪನವರೇ, ಉಪವಾಸ ಅಂತೆ? ಶುಭ ಶುಕ್ರವಾರ ಇನ್ನೂ ತುಂಬ ದೂರ ಉಂಟಲ್ಲ?" ಅಂದ್ರು, ಚಾಪೀ ಮ್ಯಾಲ ಕೂತ್ಗೋತ.

"ಬಾಯಾರ, ಆ ಚೀಲಾ ಎದಕ್ಕ ತಂದ್ರಿ?"

"ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತುಂಟು?"

"ನಾ ಹೊತ್ತು ಕೊಟ್ಟಾವ್ರಿ, ತಗೊಂಡಾವ ಅಲ್ಲ. ನಮ್ಮಪ್ಪ ತಗೊಂಡಿಲ್ಲ, ನಮ್ಮಜ್ಜ ತಗೊಂಡಿಲ್ಲ. ವಾಪಸ ಒಯ್ರಿ!"

ನಾ ಒದರಿದ ದನೀಗೆ ಬಾಜೂ ಝೋಪಡಾದಾಕಿ ಇಣಿಕಿ ನೋಡಿದ್ಲು. ಎಮಿಲಿ ಬಾಯಾರು ಸಿಟ್ಟಿಗೇಳ್ಲಿಲ್ಲ. ಬೈಬಲ್ ವಾಕ್ಯಾ ಓದ್ಲಿಲ್ಲ, ಪ್ರಾರ್ಥನಾ ಮಾಡೋಣು ಅನ್ಲಿಲ್ಲ. ಮಾರ್ಥವ್ವನ ಕಡೆ ಮರಾ ಇಸಗೊಂಡ್ರು, ಅಕ್ಕಿ ಆರಿಸೂ ಮರಾ, ಅದರಾಗ ಅಷ್ಟೂ ಅಕ್ಕಿ ಸುರುವಿದ್ರು.

"ಆಯ್ತು ಮಾರಾಯ್ರೆ, ತಗೊಂಡು ಹೋಗ್ತೇನೆ. ಆದ್ರೆ ಇದ್ರಲ್ಲಿ ನಿಮ್ಮ ಮನೆ ಅಕ್ಕಿ ಕೂಡ ಉಂಟು. ಮಾರ್ಥಾ ಒಂದು ವಾರ ತಪ್ಪಿಸ್ಲಿಲ್ಲ. ನಿಮ್ಮದು ನೀವು ಆರಿಸಿ ಇಟ್ಕೊಳ್ಳಿ, ಅದನ್ನ ಊಟ ಮಾಡಿ. ಬೇರೆಯವರದ್ದು ಒಂದು ಕಾಳೂ ನಿಮಗೆ ಬೇಡ. ನಾನು ಕಾಯ್ತೇನೆ, ಇವತ್ತು ನನಗೆ ಡ್ಯೂಟಿ ಇಲ್ಲ."

ಮತ್ತೊಬ್ಬ ಆಗಿದ್ರ ನಾಚಿಕಿ ಪಟ್ಟು ಸುಮ್ಮನಾಗ್ತಿದ್ದ. ನಾ ದೇವದಾನಪ್ಪ! "ತರ್ರಿ ಇಲ್ಲಿ" ಅಂದೆ. ಬಲಗೈ ಪ್ಲಾಸ್ಟರಿನ್ಯಾಗ, ಎಡಗೈಲೆ ಆರಸಾಕ ಕೂತೆ. ಈ ಮುಂಬೈದಾಗ ಎಡಗೈಲೆ ನನ್ನಷ್ಟ ಜಲ್ದಿ ಅಕ್ಕಿ ಆರಿಸಿದಾವ ಯಾರೂ ಇಲ್ಲ, ಈಗೂ ಹೇಳ್ತೀನಿ. ಕೆಂಪು ಕುಚಲಕ್ಕಿ ಮಂಗಳೂರವರದ್ದು, ಬಾಜೂಕ. ಸಣ್ಣ ಅಕ್ಕಿ, ಮಲ್ಲಿಗಿ ಮೊಗ್ಗಿನಂಥಾದ್ದು, ಅದು ಬ್ಯಾಂಕಿನ ಸಾಹೇಬರ ಮನೀದು, ಬಾಜೂಕ. ಜ್ವಾಳದ ಕಾಳು ನಮ್ಮ ಹುಬ್ಬಳ್ಳಿಯವರದ್ದು, ಅಕ್ಕಿ ಇಲ್ಲಾದಾಗ ಜ್ವಾಳನ ಹಿಡೀ ಹಾಕ್ಯಾರ, ಬಾಜೂಕ. ತಾಸು ಆತು, ಎರಡು ತಾಸಾತು. ಉಳದದ್ದು ಒಂದು ಗುಡ್ಡೆ, ರೇಶನ್ ಅಕ್ಕಿ. ದಪ್ಪನ್ನ, ಮಾಸಿದ ಬಣ್ಣದ್ದು, ನಡು ನಡು ಹಳ್ಳು. "ಇದು ನಂದು" ಅಂದೆ.

"ಎಲ್ಲಾ?"

"ಎಲ್ಲಾ ಅಲ್ಲ... ಇದರಾಗ."

"ಯಾವುದು?"

ಒಂದು ಕಾಳು ಎತ್ತಿ ಬೆಳಕಿಗೆ ಹಿಡದೆ. "ಇದು."

"ಎಲ್ಲಿ ಬರೆದುಂಟು?"

ಆಗ ಮಾರ್ಥವ್ವ ನಕ್ಕಳು ನೋಡ್ರಿ. ಐದು ತಿಂಗಳಾಗಿತ್ತು ಆ ನಗಿ ಕೇಳಿ. ಸೆರಗು ಬಾಯಿಗೆ ಒತ್ತಿಗೊಂಡು ನಕ್ಕಳು. ಸಭಾದ ಅರ್ಧ ಮಂದಿ ರೇಶನ್ ಅಂಗಡಿ ಅಕ್ಕಿನ ಉಣ್ಣಾವರು. ಒಂದ ಗ್ವಾದಾಮು, ಒಂದ ಚೀಲಾ. ಯಾವುದು ನಂದು, ಯಾವುದು ಮಂದೀದು? ಆ ದೇವರು ಇಳದು ಬಂದ್ರೂ ಬ್ಯಾರೆ ಮಾಡಾಕ ಆಗಾಂಗಿಲ್ಲ.

ಎಮಿಲಿ ಬಾಯಾರು ಆ ಗುಡ್ಡಿಯಾಗ ಬೆರಳಾಡಿಸಿ ಮೆಲ್ಲಕ ಹೇಳಿದ್ರು: "ಇದ್ರಲ್ಲಿ ಶಾಂತವ್ವನದ್ದೂ ಉಂಟು."

"ಶಾಂತವ್ವಂದಾ? ಅಕಿಗೆ ನಾವ ಕೊಡ್ತೀವಲ್ರಿ!"

"ಹೌದು. ನಾವು ಕೊಟ್ಟ ಅಕ್ಕಿಯಲ್ಲೇ ದಿನಾ ಒಂದು ಹಿಡಿ ತೆಗೆದಿಡ್ತಾಳೆ. ಹಿಡಿ ತೆಗೆಯುವಾಗ ನಾವು ಹೆಂಗಸರು ದೇವರ ಹತ್ರ ಒಂದು ಹೆಸರು ಹೇಳ್ತೇವೆ, ನಿಮಗೆ ಗೊತ್ತುಂಟಾ? ನೀವು ಚೀಲ ಮಾತ್ರ ಹೊತ್ತವರು, ಒಲೆ ಮುಂದಿನ ಮಾತು ನಿಮಗೆಲ್ಲಿ ಗೊತ್ತು. ನೀವು ಬಿದ್ದ ದಿನದಿಂದ ನಲವತ್ತು ಒಲೆ ಮುಂದೆ ಒಂದೇ ಹೆಸರು. ದೇವದಾನಪ್ಪ, ದೇವದಾನಪ್ಪ ಅಂತ. ದೇವರಿಗೆ ಕೇಳಿ ಕೇಳಿ ಸಾಕಾಗಿರ್ಬೇಕು."

ನಾ ಮಾರ್ಥವ್ವನ ಕಡೆ ನೋಡಿದೆ. "ನೀನೂ?" ಅಂದೆ. "ಮತ್ತ ಯಾರ ಹೆಸರ ಹೇಳ್ಲಿ ರೀ?" ಅಂದ್ಲು. ನಾ ಡಬ್ಬಿ ಕಡೆ ಕೈ ಮಾಡಿ ಬೈದಿದ್ದೆನಲ್ಲ, ಆ ಹಿಡಿನೂ ನನ್ನ ಹೆಸರಿಂದ! ಕಣ್ಣಾಗ ಅಕ್ಕೀ ಧೂಳು ಹೋತು ನೋಡ್ರಿ. ಧೂಳು ಅಂದ್ರ ಧೂಳು, ಆರಿಸೂ ಮುಂದ ಏಳತೈತಿ. ಬಾಯಿ ತಗದು ಪ್ರಾರ್ಥನಾ ಮಾಡ್ಬೇಕಂದೆ, ಬಸ್ಸು ನಿಲ್ಲಸೂ ದನಿ, ಅವತ್ತ ಒಂದು ಅಕ್ಷರ ಹೊಂಡಲಿಲ್ಲ. ಅವಾಗ ನಾ ಯೇಸುಸ್ವಾಮಿ ಜೋಡಿ ತಗದ ಜಗಳಕ್ಕ ಉತ್ತರಾ ಬಂತು. ಎದೀಯಾಗ ಬಂತು, ಕಿವಿಗಲ್ಲ. ನಾ ಸಾಲಿ ಕಲ್ತಾವಲ್ಲ, ಪಾಸ್ಟರ್ ಅಯ್ಯಾರು ಹೇಳಿದ್ದು ಕೇಳಿ ಕೇಳಿ ತಲ್ಯಾಗ ಉಳದದ್ದು ಅಷ್ಟ. ಅವನೂ ಕೆಲಸದ ಕೈಯಾಂವ, ಆ ಕೈಗೂ ಮೊಳಿ ಹೊಡದ್ರು. ಅವನೂ ಶಿಲುಬಿ ಮರದ ಮ್ಯಾಲಿಂದ ತಾನಾಗಿ ಇಳೀಲಿಲ್ಲ, ನಾಕು ಮಂದಿ ಕೂಡಿ ಇಳಿಸಿದ್ರು, ನನ್ನ ಹಲಗೀ ಮ್ಯಾಲ ಒಯ್ದಂಗ. ಹೆಣಕ್ಕ ಸುತ್ತಿದ ಬಟ್ಟಿ ಮಂದೀದು. ಇಟ್ಟ ಗವಿನೂ ಮಂದೀದು. ಲೋಕಾ ಕಟ್ಟಿದಾಂವ, ಬ್ಯಾಡ ಅನ್ಲಿಲ್ಲ, ವಾಪಸ ಒಯ್ರಿ ಅನ್ಲಿಲ್ಲ, ತಗೊಂಡ. ಅಲಾ ಇವನ, ಅವನ ತಗೊಂಡಾನಂದ್ರ ಈ ಪರಾಂಚ್ಯಾಂದೇನು ಅಂತ ಎದೀ ಮ್ಯಾಲಿನ ಕಲ್ಲು ಸರದಂಗಾತು. ಎಂಥಾ ಸಮಾಧಾನ ಅಂತೀರಿ! ಕೈ ಹಂಗ ಮುರದಿತ್ತು, ಕಾಲು ಹಂಗ ಮುರದಿತ್ತು, ಏನೂ ಬದಲಾಗಿರಲಿಲ್ಲ, ಆದ್ರ ನಾ ಒಬ್ಬಾವ ಅಲ್ಲ ಅನ್ನೂದು ತಿಳೀತು.

"ಮಾರ್ಥಾ," ಅಂದೆ, "ಹಸಿವ್ಯಾಗೈತಿ."

"ಯಾವ ಗುಡ್ಡೀದು ಮಾಡ್ಲಿ ರೀ?" ಅಂತ ಕೇಳಿದ್ಲು, ಮಳ್ಳಿ.

"ಎಲ್ಲಾ ಕೂಡಸು!"

ಎರಡು ತಾಸು ಆರಿಸಿದ್ದನ್ನ ನಾನ ಎಡಗೈಲೆ ಮತ್ತ ಕಲಸಿದೆ. ಎಮಿಲಿ ಬಾಯಾರು ಮೆಂತೆ ಸೊಪ್ಪು ಬಿಡಿಸಿ ಕೊಟ್ರು. ಅನ್ನಾ ಹೆಂಗಾತು ಅಂತೀರಿ? ಸಣ್ಣಕ್ಕಿ ಗಂಜಿ ಆಗೈತಿ, ಕುಚಲಕ್ಕಿ ಇನ್ನೂ ಕಟಕಟ ಅಂತೈತಿ, ಜ್ವಾಳ ಅಂತೂ ಹಲ್ಲಿಗೆ ಸಿಕ್ಕು ನನ್ನ ಬೈತೈತಿ. ಮೂರು ತಾಟು ಉಂಡೆ. ಮೂರಲ್ಲ, ಐದು. ನಿಮ್ಮಜ್ಜಿ ಅನ್ಲಿ ಏನಾರ, ಐದು! ಮಲಬಾರ್ ಹಿಲ್ಲಿನ ದೊಡ್ಡ ದೊಡ್ಡ ಸೇಟಜಿಗೋಳು ಅದಾರಲ್ಲ, ಬೆಳ್ಳಿ ತಾಟಿನ್ಯಾಗ ಉಣ್ಣಾವರು, ಕೇಳ್ರಿ ಹೋಗಿ, ಒಂದ ತಾಟಿನ್ಯಾಗ ನಲವತ್ತು ಮನೀ ಅನ್ನಾ ಯಾರಾರ ಉಂಡಾರೇನು ಅಂತ. ನಾ ಉಂಡೀನಿ. ಈ ಮುಂಬೈದಾಗ ಬೇಕಾದಾವರ ಕಡೆ ಬಂಗಲಿ ಇರ್ಲಿ, ಮೋಟಾರು ಇರ್ಲಿ, ನಲವತ್ತು ಒಲೀ ಮುಂದ ದಿನಾ ಹೆಸರ ಹೇಳಿಸಿಕೊಂಡ ಗಂಡಸು ಅಂದ್ರ ದೇವದಾನಪ್ಪ ಒಬ್ಬನ.

ಆಮ್ಯಾಲ ಪ್ಲಾಸ್ಟರ್ ಬಿಚ್ಚಿದ್ರು. ಕಾಲು ಗಿಡ್ಡಾತು, ಅದು ಈಗೂ ನೋಡ್ತೀರಿ. ಡಾಕ್ಟರ್ ಹೇಳಿದ್ದು ಖರೇ ಆತು, ಮ್ಯಾಲ ಹತ್ತಾಕ ಆಗ್ಲಿಲ್ಲ. ಮುಕಾದಮನ ಕಡೆ ಹೋದೆ. "ಸಾಹೇಬ್ರ, ಕೆಳಗ ಕೂತು ಹಗ್ಗಾ ತೊಯಸ್ತೀನಿ, ಗಂಟು ಪರೀಕ್ಷಾ ಮಾಡ್ತೀನಿ. ಒಣಾ ಹಗ್ಗಾ ಮ್ಯಾಲ ಹೋತಂದ್ರ ನನ್ನ ಹೊರಗ ಹಾಕ್ರಿ" ಅಂದೆ. ಅವ ನಕ್ಕೋತ ಇಟಗೊಂಡ. ಅಲ್ಲಿಂದ ಮುಂದ ನನ್ನ ಕೈ ದಾಟಿ ಹೋದ ಹಗ್ಗದಿಂದ ಒಬ್ಬನೂ ಬೀಳ್ಲಿಲ್ಲ, ಗೋರೆಗಾಂವದಿಂದ ವಿಕ್ರೋಳಿ ತನಕ ಯಾರನ್ನರ ಕೇಳ್ರಿ. ಮತ್ತ ಅಕ್ಕಿ ಚೀಲಾನೂ ಹೊರಾಕ ಸುರು ಮಾಡಿದೆ, ಕುಂಟಿಗೋತ. ಆದ್ರ ಈಗ ಕೂಗೂದು ಬಂದ್, ಮ್ಯಾಲ ಸೊಪ್ಪು ಮುಚ್ಚಿ, ಬಾಗಲಾ ಬೆರಳಿಲೆ ತಟ್ಟಿ, ಇಟ್ಟು ಬರೂದು. ಮೊದಲನೇ ಸಲ ಶಾಂತವ್ವ ಬಾಗಲಾ ತಗದು ನನ್ನ ಮ್ಯಾಲಿಂದ ಕೆಳತನಕ ನೋಡಿದ್ಲು. "ಯಾಕಣ್ಣಾ, ಗಂಟಲಾ ಕೆಟ್ಟೈತೇನ?" ಅಂದ್ಲು. "ಹೌದವಾ, ಕೆಟ್ಟೈತಿ" ಅಂದೆ. "ಹಂಗಾರ ಒಳಗ ಬಾ, ಶುಂಠಿ ಚಾ ಮಾಡ್ತೀನಿ." ಕುಡದು ಬಂದೆ.

ಅದಕ್ಕ ಹೇಳ್ತೀನಿ ಕೇಳ್ರಿ, ನೀವೆಲ್ಲಾ ಸಾಲಿ ಕಲ್ತಾವರು, ನಾಳೆ ದೊಡ್ಡವರಾಗಿ ಹತ್ತು ಮಂದೀಗೆ ಕೊಡ್ತೀರಿ, ಕೊಡ್ರಿ. ಕೊಡೂದರಾಗ ಏನ್ ದೊಡ್ಡಸ್ತಿಕಿ, ಚೀಲಾ ಹೊರಾಕ ಕತ್ತೆಗೂ ಬರತೈತಿ. ಕೈ ಚಾಚಿ ತಗೊಳ್ಳಾಕ ಮಾತ್ರ ನನ್ನಂಥಾ ಗಟ್ಟಿ ಆಳು ಬೇಕು. ಕಷ್ಟದಾಗ ಯಾರಾರ ತಾಟು ಮುಂದ ಇಟ್ರ, ದೇವರ ಇಟ್ಟಾನಂತ ತಿಳಕೊಂಡು ಸುಮ್ಮನ ಉಣ್ರಿ, ದೂಡಬ್ಯಾಡ್ರಿ.